ಹುಲಿ ಕಾಡಿನೊಳಗಿನ ರಸ್ತೆ ಅಗಲ ಮಾಡ್ತಾರಂತೆ, ಆಕ್ಷೇಪಣೆ ಬರೆಯೋದು ಹೇಗೆ? ಊರವರೇ ರಸ್ತೆ ಬೇಕು ಅಂತಿದಾರೆ

ಕಾಳೀದಂಡೆ

ನಮಸ್ಕಾರ ಎಲ್ಲರಿಗೂ. ನಾನಿರೋದು ಕಾರವಾರದಲ್ಲಿ, ಮೂಲಮನೆ ಜೋಯಿಡಾ ತಾಲೂಕು, ಕದ್ರಾ ದಾಟಿ ಘಾಟ್ ಹತ್ತಿ ಆಮೇಲೆ ಒಳಗೆ ಹೋಗ್ಬೇಕು. ಊರ ಹೆಸರು ಬೇಡ, ನಮ್ಮ ಕಡೆ ಊರ ಹೆಸರು ಹೇಳಿದ್ರೆ ಮನೆ ತೋರಿಸಿದ ಹಾಗೆ.

ಹೋದ ವಾರ ಅಜ್ಜಿ ತಿಥಿಗೆ ಅಂತ ಹೋಗಿದ್ದೆ. ಬಸ್ ಇಳಿದು ನಡೀತಾ ನೋಡ್ತೀನಿ, ರಸ್ತೆ ಅಂಚಿನ ಮರಗಳಿಗೆಲ್ಲಾ ಬಣ್ಣದಲ್ಲಿ ನಂಬರ್ ಬರ್ದಿದಾರೆ. ಮತ್ತಿ, ನಂದಿ, ಹೊನ್ನೆ, ದೊಡ್ಡ ಕಾಡುಮಾವು, ಎಲ್ಲಕ್ಕೂ. ಅಲ್ಲೇ ಟೇಪು ಹಿಡ್ಕೊಂಡು ಇಬ್ಬರು ಹುಡುಗರು ಇದ್ರು, ಕೇಳಿದೆ, ಎರಡು ಲೇನ್ ಆಗತ್ತೆ ಅಣ್ಣಾ, ಎರಡೂ ಕಡೆ ಶೋಲ್ಡರ್ ಬೇರೆ, ಈಗ ಬರೀ ಸರ್ವೆ ಅಂದ್ರು. ಈಗಿನ ರಸ್ತೆಲಿ ಒಂದು ಬಸ್ ಬಂದ್ರೆ ಎದುರಿನ ಬೈಕು ಗಟಾರಕ್ಕೆ ಇಳಿಬೇಕು, ಅದು ನಿಜ. ಆದ್ರೆ ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಬರತ್ತೆ, ನಮ್ಮ ಮನೆ ರಿಪೇರಿಗೆ ಒಂದು ಲೋಡ್ ಚಿರೆಕಲ್ಲು ತರೋದಕ್ಕೆ ಅಪ್ಪ ಎಷ್ಟು ಸಲ ಗೇಟ್ ಹತ್ರ ಕೈ ಮುಗಿದಿದಾರೆ ಅಂತ ನಂಗೊತ್ತು.

ಮನೇಲಿ ಮಾತೆತ್ತಿದ್ರೆ ಅಪ್ಪನೇ ಬೈದ್ರು. ನೀನು ಕಾರವಾರದಲ್ಲಿ ಕೂತು ಕಾಡು ಅಂತೀಯಾ, ನಿನ್ನ ಅಜ್ಜಿನ ಕೊನೇ ಸಲ ಕರ್ಕೊಂಡು ಹೋಗೋವಾಗ ಜೀಪು ಎಷ್ಟು ಹೊತ್ತು ತಗೊಂತು ಮರ್ತ್ಯಾ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಆದ್ರೂ ಕೇಳ್ತಿದೀನಿ. ಆಕ್ಷೇಪಣೆ ಅಂತ ಬರೆಯೋದಾದ್ರೆ ಯಾರಿಗೆ, ಯಾವಾಗ? ಕಾರವಾರದಲ್ಲಿ ಇರೋವ್ನು ಬರೆದ್ರೆ ನಡೆಯತ್ತಾ? ಮೊದ್ಲೊಂದು ಸಲ ಬೇರೆ ವಿಷಯಕ್ಕೆ ಒಂದು ಕಚೇರಿಗೆ ಎರಡು ಪುಟ ಅರ್ಜಿ ಕೊಟ್ಟಿದ್ದೆ, ಸೀಲ್ ಕೂಡ ಹಾಕಿ ಕೊಡ್ಲಿಲ್ಲ, ಆಮೇಲೆ ಹೋದ್ರೆ ಅಂಥ ಅರ್ಜಿನೇ ಬಂದಿಲ್ಲ ಅಂದ್ರು. ಹಾಗಾಗಬಾರ್ದು.

ಕಡತದಹುಳ

ಮೊದ್ಲು ಒಂದು ವಿಷಯ. "ರಸ್ತೆ ಬೇಡ" ಅಂತ ಬರೀಬೇಡಿ. ಆ ಸಾಲು ನೋಡಿದ ಕೂಡ್ಲೇ ನಿಮ್ಮ ಅರ್ಜಿ ಅಭಿವೃದ್ಧಿ ವಿರೋಧಿ ಅನ್ನೋ ಫೈಲಿಗೆ ಹೋಗತ್ತೆ, ನಿಮ್ಮಪ್ಪನೇ ಎದುರು ಸಾಕ್ಷಿ ಹೇಳ್ತಾರೆ. ಅಗಲ ಬೇಡ, ರಿಪೇರಿ ಬೇಕು ಅಂತ ಬರೀರಿ. ಇದು ಮಾತಿನ ಚಮತ್ಕಾರ ಅನ್ಕೋಬೇಡಿ, ಕಾಗದದಲ್ಲೂ ಇದಕ್ಕೆ ಆಧಾರ ಇದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿ ಕಡೆಯಿಂದ 2014ರಲ್ಲಿ ರಕ್ಷಿತ ಪ್ರದೇಶದ ರಸ್ತೆಗಳ ಬಗ್ಗೆನೇ ಮಾರ್ಗಸೂಚಿ ಆಗಿದೆ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಕೋರ್ (ಅಂದ್ರೆ ತೀರಾ ಒಳಗಿನ, ಹೆಚ್ಚು ರಕ್ಷಣೆ ಇರೋ ಭಾಗ) ಒಳಗೆ ಹೊಸ ರಸ್ತೆ ಬೇಡ, ಇರೋ ರಸ್ತೆನ ಅಗಲ ಮಾಡದೆ ಈಗಿನ ರೂಪದಲ್ಲೇ ಚೆನ್ನಾಗಿ ಇಟ್ಕೊಳ್ಳಿ ಅನ್ನೋದು ಅದರ ಸಾರ. ಅಂದ್ರೆ ಡಾಮರು ಹಾಕೋದಕ್ಕೆ, ಗುಂಡಿ ಮುಚ್ಚೋದಕ್ಕೆ, ಗಟಾರ ಮಾಡೋದಕ್ಕೆ ಯಾವ ಹುಲಿನೂ ಅಡ್ಡ ಬಂದಿಲ್ಲ.

ಅದಕ್ಕೇ ನಿಮ್ಮ ರಸ್ತೆ ಕೋರ್ ಒಳಗಾ, ಅದರ ಸುತ್ತಲಿನ ಬಫರ್ ಒಳಗಾ ಅನ್ನೋದು ಮೊದ್ಲು ಗೊತ್ತಾಗ್ಬೇಕು. ಕಾಳಿ ಅಂದ್ರೆ ಒಂದೇ ಕಾಡಲ್ಲ, ದಾಂಡೇಲಿ ಅಭಯಾರಣ್ಯ 1956ರದ್ದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದ್ದು, ಎರಡೂ ಸೇರಿಸಿ 2007ರಲ್ಲಿ ಹುಲಿ ಪ್ರದೇಶ ಆಯ್ತು, ಕಾಳಿ ಅಂತ ಹೆಸರು ಬಂದಿದ್ದು 2015ರಲ್ಲಿ. ಎಷ್ಟನೇ ಕಿಮೀಯಿಂದ ಎಷ್ಟನೇ ಕಿಮೀ ತನಕ ಯಾವುದರೊಳಗೆ ಬರತ್ತೆ ಅಂತ ಬರೆದ್ರೆ ಮಾತ್ರ ಓದ್ತಾರೆ. "ಅಮೂಲ್ಯ ಪಶ್ಚಿಮಘಟ್ಟ" ಅಂತ ಶುರು ಮಾಡಿದ್ರೆ ಮೊದಲ ಪ್ಯಾರಾಲೇ ಆಕಳಿಸ್ತಾರೆ.

ಯಾರಿಗೆ ಅಂದ್ರೆ, ದಾರಿ ಹೀಗೆ ಹೋಗತ್ತೆ. ರಸ್ತೆ ಮಾಡೋ ಇಲಾಖೆಯವ್ರು ಕೇಂದ್ರದ ಪರಿವೇಶ್ ವೆಬ್‌ಸೈಟಲ್ಲಿ ಅರ್ಜಿ ಹಾಕ್ಬೇಕು. ಅದು ಡಿಸಿಎಫ್ (ಅರಣ್ಯ ಇಲಾಖೆಯ ಉಪ ಸಂರಕ್ಷಣಾಧಿಕಾರಿ) ಹತ್ರ ಬರತ್ತೆ, ಅಲ್ಲಿಂದ ಮುಖ್ಯ ವನ್ಯಜೀವಿ ಪರಿಪಾಲಕರು, ಆಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರೋ ರಾಜ್ಯ ವನ್ಯಜೀವಿ ಮಂಡಳಿ, ಆಮೇಲೆ ದೆಹಲೀಲಿ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ. ಹುಲಿ ಪ್ರದೇಶ ಆದ್ರಿಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಸಲಹೆನೂ ಬೇಕು, 1972ರ ವನ್ಯಜೀವಿ ಕಾಯ್ದೆಯ 38ಓ ಕಲಮಿನಲ್ಲಿ ಅದಿದೆ. ಅರಣ್ಯ ಜಾಗ ಬಿಟ್ಟುಕೊಡೋದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೆಳಗೆ ಬೇರೆ ಒಪ್ಪಿಗೆ. ಜನ ಮಾಡೋ ತಪ್ಪು ಏನಂದ್ರೆ ಜೆಸಿಬಿ ಬಂದ ಮೇಲೆ ಡಿಸಿ ಆಫೀಸ್ ಎದುರು ನಿಂತ್ಕೊಳ್ಳೋದು. ಆಗ ಎಲ್ಲ ಸಹಿ ಆಗಿರತ್ತೆ. ಫೈಲು ಡಿಸಿಎಫ್ ಟೇಬಲ್ ಮೇಲಿರೋವಾಗ ನಿಮ್ಮ ಕಾಗದ ಅದರ ಒಳಗೆ ಹೋಗ್ಬೇಕು. ಅವ್ರ ಸ್ಥಳ ಪರಿಶೀಲನಾ ವರದಿ ಮುಂದೆ ಎಲ್ಲರೂ ಓದೋದು ಅದನ್ನೇ.

ಪರಿವೇಶಲ್ಲಿ ಜಿಲ್ಲೆ ಹಾಕಿ ವಾರಕ್ಕೊಂದು ಸಲ ಹುಡುಕಿ. ನಕ್ಷೆ ಸಮೇತ ಸಿಗತ್ತೆ. ಈಗ್ಲೇ ಒಂದು ಮಾಹಿತಿ ಹಕ್ಕು ಅರ್ಜಿನೂ ಹಾಕ್ಬಿಡಿ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ, ಮರಕ್ಕೆ ನಂಬರ್ ಹಾಕಿದ್ದು ಯಾರ ಆದೇಶದ ಮೇಲೆ ಅಂತ ಕೇಳಿ. ಆ ಒಂದೇ ಪ್ರಶ್ನೆ ಸಾಕು, ಎಷ್ಟೋ ಸಲ ಅದಕ್ಕೇ ಉತ್ತರ ಇರಲ್ಲ.

ಇನ್ನು ಕಾರವಾರದವ ಬರೀಬಹುದಾ ಅಂದ್ರೆ ಬೀದರ್‌ನವನೂ ಬರೀಬಹುದು. ಸ್ಪೀಡ್ ಪೋಸ್ಟಲ್ಲಿ ಕಳ್ಸಿ, ಕೈಲಿ ಕೊಡ್ಬೇಡಿ, ಸೀಲಿನ ರಗಳೆನೇ ಇರಲ್ಲ.

ಜೋಯಿಡಾದವ

ಬಂದ್ರಪ್ಪ ಕಾಗದದವ್ರು. ಅಲ್ಲಾ ಸ್ವಾಮಿ ನಿಮ್ಮಲ್ಲಿ ಯಾರಾದ್ರೂ ಜುಲೈ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬಸುರಿ ಹೆಂಗಸನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಆ ರಸ್ತೆಲಿ ಹೋಗಿದೀರಾ? ನಾ ಹೋಗಿದೀನಿ. ಮರ ಬಿದ್ದಿತ್ತು, ಕತ್ತಿಲಿ ಕಡ್ದು ಸರಿಸಿ ಹೋಗಿದ್ದು, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಸೂಪಾ ಡ್ಯಾಮಿಗೆ ನಮ್ಮ ಊರು ಮುಳುಗಿಸಿದ್ರು, ಕೊಡಸಳ್ಳಿ ಕದ್ರಾ ಡ್ಯಾಮ್ ಬಂತು, ಕೈಗಾ ಬಂತು, ಆವಾಗೆಲ್ಲ ಕಾಡು ಎಲ್ಲಿಗೆ ಹೋಗಿತ್ತು? ಇಡೀ ರಾಜ್ಯಕ್ಕೆ ಕರೆಂಟ್ ಕೊಟ್ಟು ನಾವು ಚಿಮಣಿ ದೀಪ ಹಚ್ಚಿದೋರು. ಈಗ ಒಂದು ರಸ್ತೆ ಅಂದ ಕೂಡ್ಲೇ ಎಲ್ಲರಿಗೂ ಹುಲಿ ನೆನಪಾಗತ್ತೆ.

ನಮ್ಮ ಕುಣಬಿ ಕೇರೀಲಿ ಬಂದು ಒಂದು ರಾತ್ರಿ ಇರ್ರಿ ಆಮೇಲೆ ಆಕ್ಷೇಪಣೆ ಬರೀರಿ.

ಘಾಟಿಸ್ಟೇರಿಂಗ್

ಜೋಯಿಡಾದವ್ರು ಹೇಳಿದ್ದು ಸುಳ್ಳಲ್ಲ. ಆದ್ರೆ ನಾನು ಇಪ್ಪತ್ತೆರಡು ವರ್ಷ ಈ ಜಿಲ್ಲೆ ಘಾಟಲ್ಲೇ ಲಾರಿ ಹೊಡ್ದೋನು, ಅಣಶಿ, ಅರಬೈಲು, ದೇವಿಮನೆ, ಅನಮೋಡ ಎಲ್ಲಾ, ನಂದೊಂದು ಮಾತು ಕೇಳಿ.

ರಸ್ತೆ ಅಗಲ ಆದ್ರೆ ಆಂಬುಲೆನ್ಸ್ ಬೇಗ ಬರತ್ತೆ ಅಂತ ಎಲ್ಲರೂ ಅನ್ಕೊಂತಾರೆ. ಘಾಟಲ್ಲಿ ಟೈಮ್ ತಿನ್ನೋದು ಅಗಲ ಅಲ್ಲ ಮಾರಾಯ್ರೆ, ತಿರುವು ಮತ್ತೆ ಗುಂಡಿ. ತಿರುವು ಇರೋ ಹಾಗೇ ಇದ್ದು ರಸ್ತೆ ಅಗಲ ಆದ್ರೆ ಉಳಿಯೋದು ನಾಲ್ಕೋ ಐದೋ ನಿಮಿಷ. ಬದಲಿಗೆ ಏನಾಗತ್ತೆ ಅಂದ್ರೆ ಇಲ್ಲೀವರೆಗೆ ಆ ಕಡೆ ತಲೆ ಹಾಕದ ದೊಡ್ಡ ಗಾಡಿಗಳು, ಹದಿನಾಲ್ಕು ಚಕ್ರದ್ದು ಹದಿನಾರು ಚಕ್ರದ್ದು, ಅದಿರು ಕಲ್ಲಿದ್ದಲು ತುಂಬ್ಕೊಂಡು ಶಾರ್ಟ್‌ಕಟ್ ಅಂತ ಹೊರಡ್ತಾವೆ, ಮ್ಯಾಪಲ್ಲಿ ತೋರ್ಸೋಕೆ ಶುರು ಮಾಡಿದ್ರೆ ಮುಗೀತು. ಎರಡು ಮಳೆಗಾಲಕ್ಕೆ ಆ ಡಾಮರು ಎದ್ದು ಹೋಗತ್ತೆ. ಆಮೇಲೆ ನಿಮ್ಮ ಆಂಬುಲೆನ್ಸ್ ಆ ಗಾಡಿಗಳ ಹಿಂದೆ ಫಸ್ಟ್ ಗೇರಲ್ಲಿ ಬರ್ಬೇಕು. ಅರಬೈಲಲ್ಲಿ ದಿನಾ ನೋಡ್ತೀವಲ್ಲ, ಒಂದು ಟ್ರೇಲರ್ ಅಡ್ಡ ಬಿದ್ರೆ ಅಂಕೋಲಾ ತನಕ ಸಾಲು.

ಇನ್ನೊಂದು, ಗುಡ್ಡದ ಬುಡ. ಅಗಲ ಮಾಡೋದು ಅಂದ್ರೆ ಘಾಟಲ್ಲಿ ಒಂದೇ ದಾರಿ, ಒಳಗಡೆ ಗುಡ್ಡ ಕಡಿಯೋದು. ಹೊರಗಡೆ ಕಣಿವೆ, ಅಲ್ಲಿ ಏನು ಮಾಡ್ತೀರಿ. ನಮ್ಮ ಮಣ್ಣು ಹೆಂಗಿದೆ ಅಂದ್ರೆ ಮೇಲೆ ಜಂಬಿಟ್ಟಿಗೆ ಗಟ್ಟಿ, ಕೆಳಗೆ ಹಸಿ ಬೆಣ್ಣೆ ಹಂಗೆ ಮೆದು ಮಣ್ಣು. ನೀರು ಒಳಗೆ ಇಳಿದು ನಿಂತ್ರೆ ಬುಡ ಇಲ್ದೆ ಇರೋ ಗುಡ್ಡ ಒಂದೇ ಸಲ ಕೂತ್ಕೊಳ್ಳತ್ತೆ. 2024ರ ಜುಲೈ 16, ಅಂಕೋಲಾ ಹತ್ರದ ಶಿರೂರಲ್ಲಿ ಹಂಗೇ ಗುಡ್ಡ ಕುಸಿದಿದ್ದು. ನಾನು ಅದಕ್ಕೆ ಹಿಂದಿನ ದಿನ ಅಲ್ಲೇ ಆ ಚಾ ಅಂಗಡೀಲಿ ಗಾಡಿ ನಿಲ್ಸಿ ಚಾ ಕುಡಿದು ಬಂದಿದ್ದೆ. ಮಾರನೇ ದಿನ ಆ ಅಂಗಡಿ ಇಲ್ಲ, ಮನೆಯವ್ರು ಇಲ್ಲ, ಗಾಡಿಗಳು ಗಂಗಾವಳಿಲಿ. ಕೇರಳದ ಆ ಲಾರಿ ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಚತುಷ್ಪಥ ಮಾಡೋವಾಗ ಗುಡ್ಡ ನೆಟ್ಟಗೆ ಕಡ್ದಿದ್ದೇ ಅಂತ ಊರವ್ರು ಎಲ್ಲಾ ಹೇಳಿದ್ರು, ನಂಗೆ ಅವ್ರು ಹೇಳೋದೇ ಬೇಡ, ದಿನಾ ಕಣ್ಣಾರೆ ನೋಡಿದೀನಿ. ಆಮೇಲಿಂದ ಜುಲೈಲಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಸಲ್ಲ ನಾನು, ಎಷ್ಟೇ ನಿದ್ದೆ ಬರ್ಲಿ.

ಅದಿರೋದು ಸಮುದ್ರದ ಪಕ್ಕ. ನಿಮ್ಮ ಕಡೆ ಘಾಟಲ್ಲಿ ಗುಡ್ಡ ಕೂತ್ರೆ ಮಶೀನ್ ಬರೋದಕ್ಕೆ ಇನ್ನೊಂದು ರಸ್ತೆ ಬೇಕಲ್ಲ, ಅದೆಲ್ಲಿದೆ?

ಸೊಪ್ಪಿನಬೆಟ್ಟ

ತಮಾ, ಆನು ಶಿರಸಿ ಬದಿಯವ. ಎಂಗಳ ಮಾತಲ್ಲಿ ಬರದ್ರೆ ಅರ್ಧ ಜನಕ್ಕೆ ತಿಳೀತಿಲ್ಲೆ, ಹಾಂಗಾಗಿ ಪೇಟೆ ಕನ್ನಡದಲ್ಲೇ ಬರೀತೆ.

1983ರ ಸೆಪ್ಟೆಂಬರಲ್ಲಿ ಸಾಲ್ಕಣಿ ಜನ ಮರ ಅಪ್ಕೊಂಡಾಗ ನಾನು ಹೈಸ್ಕೂಲ್. ಅಪ್ಪಿಕೋ ಚಳವಳಿ ಅಂದ ಕೂಡ್ಲೇ ಈಗಿನವ್ರಿಗೆ ಬರೀ ಮರ ತಬ್ಬಿಕೊಂಡ ಫೋಟೋ ನೆನಪು. ಪಾಂಡುರಂಗ ಹೆಗಡೆಯವ್ರು ಮತ್ತೆ ಆ ಊರಿನ ಯುವಕ ಮಂಡಳಿಯವ್ರು ಮಾಡಿದ್ದು ಅದೊಂದೇ ಅಲ್ಲ, ಲೆಕ್ಕ. ಎಕರೆಗೆ ಎರಡೇ ಮರ ಕಡೀತೇವೆ ಅಂತ ಅರಣ್ಯ ಇಲಾಖೆ ಕಾಗದದಲ್ಲಿತ್ತು. ಆ ಎರಡು ಮರ ಬೀಳೋವಾಗ ಅದರ ಕೆಳಗೆ ಸತ್ತ ಮರ ಎಷ್ಟು, ಎಳೆಯೋವಾಗ ಹೋದ ಸಸಿ ಎಷ್ಟು ಅಂತ ಊರವ್ರು ಎಣಿಸಿ ತೋರ್ಸಿದ್ರು. ಅದಕ್ಕೂ ಮೊದ್ಲು ಬೇಡ್ತಿ ಅಣೆಕಟ್ಟು ಬರ್ತದೆ ಅಂದಾಗ್ಲೂ ಹಂಗೇ, 1981ರಲ್ಲಿ ಶಿರಸೀಲೇ ವಿಚಾರ ಸಂಕಿರಣ ಮಾಡಿ, ಬರೋ ಕರೆಂಟಿಗಿಂತ ಮುಳುಗೋ ಅಡಿಕೆ ಏಲಕ್ಕಿ ಕಾಡಿನ ಬೆಲೆ ಎಷ್ಟು ಅಂತ ವಿಜ್ಞಾನಿಗಳನ್ನೇ ಕೂರ್ಸಿ ಲೆಕ್ಕ ಹಾಕಿಸಿದ್ರು. ಯೋಜನೆ ಬದಿಗೆ ಸರೀತು. ಘೋಷಣೆ ಕೂಗಿದ್ರೆ ಸರೀತಿರ್ಲಿಲ್ಲೆ.

ಹಂಗಾಗಿ ನೀನು ಈಗ ಮಾಡಕಾದ್ದು ಇಷ್ಟು, ಮರ ಎಣಿಸು. ಅವ್ರು ನಂಬರ್ ಹಾಕಿದ್ದನ್ನಲ್ಲ, ಹಾಕದೆ ಬಿಟ್ಟಿದ್ದನ್ನ. ನಂಬರ್ ಹಾಕೋದು ದಪ್ಪ ಮರಕ್ಕೆ ಮಾತ್ರ. ಗುಡ್ಡ ಕಡಿದ ಮೇಲೆ ಬೇರು ತೇಲಿ ಮೂರು ವರ್ಷಕ್ಕೆ ಬೀಳೋ ಮೇಲಿನ ಸಾಲಿನ ಮರ ಯಾರ ಪಟ್ಟೀಲೂ ಇರ್ತಿಲ್ಲೆ.

ಇನ್ನೊಂದು ಮರದ ಮೇಲಿನ ವಿಷಯ. ಎಂಗಳ ಬದಿ ಅಘನಾಶಿನಿ ಕಣಿವೆಲಿ ಸಿಂಗಳೀಕ ಇದ್ದು, ಅದು ನೆಲಕ್ಕೆ ಇಳಿಯೋದು ಕಡಿಮೆ, ಕೊಂಬೆಯಿಂದ ಕೊಂಬೆಗೇ ದಾಟಬೇಕು. ಎರಡೂ ಕಡೆ ಮರ ತಲೆ ಕೂಡಿದ್ರೆ ರಸ್ತೆ ಇದ್ದೂ ಇಲ್ಲದ ಹಾಗೆ. ಅದೇ ಮೇಲೆ ಆಕಾಶ ಕಂಡ್ತು ಅಂದ್ರೆ ಆಚೆ ಗುಂಪು ಆಚೆಗೆ, ಈಚೆ ಗುಂಪು ಈಚೆಗೆ. ತಮಿಳುನಾಡಿನ ವಾಲ್ಪಾರೈಲಿ ಸಿಂಗಳೀಕ ಗಾಡಿ ಕೆಳಗೆ ಸಿಕ್ಕಿ ಸತ್ತ ಮೇಲೆ ರಸ್ತೆ ಮೇಲೆ ತೂಗುಸೇತುವೆ ಕಟ್ಟಿದ್ದು. ನಿಮ್ಮ ಕಡೆ ಸಿಂಗಳೀಕ ಇಲ್ಲೆ, ಆದ್ರೆ ಕೆಂದಳಿಲು, ಹಾರುಬೆಕ್ಕು, ಕಾಡುಪಾಪ ಎಲ್ಲದಕ್ಕೂ ಅದೇ ದಾರಿ. ನಿಮ್ಮ ರಸ್ತೆಲಿ ಮರ ತಲೆ ಕೂಡಿದ ಜಾಗ ಎಷ್ಟಿದ್ದು ಅಂತ ಫೋಟೋ ತಗೊ, ಪ್ರತಿಯೊಂದಕ್ಕೂ ಜಾಗದ ಗುರ್ತು ಹಾಕು. ಅಷ್ಟು ಸಾಕು.

ಜೋಯಿಡಾದವರ ಸಿಟ್ಟು ನಂಗೆ ಅರ್ಥ ಆಗ್ತು. ಅವ್ರನ್ನ ಬಿಟ್ಟು ಇದು ಆಗೋ ಕೆಲಸ ಅಲ್ಲ.

ಜೋಯಿಡಾದವ

ಶಿರಸಿಯವ್ರೆ ನೀವು ಅಡಿಕೆ ತೋಟ ಇದ್ದವ್ರು, ನಿಮ್ಮ ಮಾತಿಗೆ ಆವಾಗ ಬೆಲೆ ಇತ್ತು. ನಮ್ಮಲ್ಲಿ ಗೆಣಸು ಅಗೆದು ತಿನ್ನೋರ ಲೆಕ್ಕ ಯಾರು ಕೇಳ್ತಾರೆ. ನಮಗೆ ಹುಲಿ ಇದೆ, ಸ್ವಇಚ್ಛೆಯಿಂದ ಹೊರಗೆ ಹೋಗಿ, ಮನೆಗೆ 15 ಲಕ್ಷ ಅಂತಾರೆ. ಹೊರಗೆ ಹೋಗೋರಿಗೆ ಅಷ್ಟು ದೊಡ್ಡ ರಸ್ತೆ ಯಾಕೆ ಅಂತ ನಂಗೂ ಒಂದೊಂದು ಸಲ ಅನ್ಸತ್ತೆ. ಲಾರಿ ಅಣ್ಣ ಹೇಳಿದ್ದು ಅದೇ ಅಲ್ವಾ, ರಸ್ತೆ ನಮಗಲ್ಲ ಅಂತ.

ಆದ್ರೂ ಈಗಿರೋ ರಸ್ತೆ ಇರೋ ಹಾಗೇ ಇರ್ಲಿ ಅಂತ ಯಾರಾದ್ರೂ ಬರೆದ್ರೆ ನಾನೇ ವಿರೋಧ ಮಾಡೋನು.

ಕಡತದಹುಳ

ಜೋಯಿಡಾದವ್ರೆ, ನಿಮ್ಮ ಕೊನೇ ಸಾಲಿಗೆ ನಂದೂ ಸಹಿ. ನಿಮಗೆ ಒಂದು ಕಲಮು ಹೇಳ್ತೀನಿ, ಇದನ್ನ ಯಾವ ಸಾಹೇಬ್ರೂ ತಾವಾಗಿ ಹೇಳಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ, 3ನೇ ಕಲಮಿನ 2ನೇ ಉಪಕಲಮು. ಊರಿಗೆ ಬೇಕಾದ ರಸ್ತೆ, ಶಾಲೆ, ಅಂಗನವಾಡಿ, ಕುಡಿಯೋ ನೀರು, ಕರೆಂಟ್ ಲೈನ್, ಇಂಥದ್ದಕ್ಕೆ ಒಂದೊಂದಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ, ಹೆಕ್ಟೇರಿಗೆ 75 ಮರ ಮೀರದ ಹಾಗೆ, ಗ್ರಾಮಸಭೆ ಶಿಫಾರಸು ಮಾಡಿದ್ರೆ ಕೊಡಬಹುದು. ಎದುರು ಬಂದ ಗಾಡಿಗೆ ದಾರಿ ಬಿಡೋದಕ್ಕೆ ಅಲ್ಲಲ್ಲಿ ಒಂದು ಸರಿದು ನಿಲ್ಲೋ ಜಾಗ, ಒಂದು ಮೋರಿ, ಒಂದು ಗಟಾರ, ಇದನ್ನ ಗ್ರಾಮಸಭೆ ಠರಾವಿನಲ್ಲಿ ಬರೆಸಿ. ಅಪ್ಪಾ ಇದು ನಮ್ಮ ರಸ್ತೆ, ನಮಗೆ ಇಷ್ಟು ಬೇಕು, ಇದಕ್ಕಿಂತ ಅಗಲ ನಾವು ಕೇಳಿಲ್ಲ ಅಂತ. ದೊಡ್ಡ ರಸ್ತೆ ಫೈಲಲ್ಲಿ "ಸ್ಥಳೀಯರ ಬಹುದಿನಗಳ ಬೇಡಿಕೆ" ಅಂತ ಒಂದು ಸಾಲು ಇದ್ದೇ ಇರತ್ತೆ, ಅದನ್ನ ತೆಗೆದು ಹಾಕೋಕೆ ಈ ಠರಾವು ಸಾಕು.

ಒಂದು ಎಚ್ಚರಿಕೆ. ರಸ್ತೆ, ರೈಲು, ಲೈನ್ ಥರದ ಉದ್ದುದ್ದ ಕೆಲಸಕ್ಕೆ ಗ್ರಾಮಸಭೆ ಒಪ್ಪಿಗೆ ಕಡ್ಡಾಯ ಅಲ್ಲ ಅಂತ ಕೇಂದ್ರ 2013ರಲ್ಲೇ ಸುತ್ತೋಲೆ ಮಾಡಿದೆ. ಅದಕ್ಕೇ ಅವ್ರು ಕೇಳೋಕೆ ಬರೋದಿಲ್ಲ, ನೀವೇ ಕಳಿಸ್ಬೇಕು. ಇನ್ನೊಂದು ಆಟ ತುಂಡು ಮಾಡೋದು. ರಾಷ್ಟ್ರೀಯ ಹೆದ್ದಾರಿ ಅಗಲೀಕರಣ 100 ಕಿಮೀ ಮೀರಿದ್ರೆ ಪರಿಸರ ಒಪ್ಪಿಗೆ, ಸಾರ್ವಜನಿಕ ಅಹವಾಲು ಅಂತ ಶುರುವಾಗತ್ತೆ, ಹಾಗಾಗಿ ಎಲ್ಲ ತುಂಡುಗಳೂ ಯಾಕೋ 100ರ ಒಳಗೇ ಇರತ್ತೆ. ಸಣ್ಣ ರಸ್ತೆಲೂ ಇದೇ ಬುದ್ಧಿ, ಈ ವರ್ಷ ನಾಲ್ಕು ಕಿಮೀ, ಮುಂದಿನ ವರ್ಷ ಐದು. ಎರಡೂ ತುದಿ ಎಲ್ಲಿಗೆ ಹೋಗಿ ಸೇರತ್ತೆ ಅಂತ ನೋಡಿ.

ಇನ್ನು ರಾತ್ರಿ ವಿಷಯ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಂದ್, ಆಂಬುಲೆನ್ಸಿಗೆ ಅಡ್ಡಿ ಇಲ್ಲ. ಆಕ್ಷೇಪಣೇಲಿ ಅದನ್ನೂ ಸೇರಿಸಿ, ಹೊರಗಿನ ಭಾರಿ ಗಾಡಿಗೆ ರಾತ್ರಿ ಬಂದ್, ಊರವ್ರಿಗೆ ಮತ್ತು ಆಂಬುಲೆನ್ಸಿಗೆ ಗೇಟ್ ತೆರೆದಿರ್ಲಿ ಅಂತ. ಮಧ್ಯಪ್ರದೇಶ ಮಹಾರಾಷ್ಟ್ರ ಗಡಿಲಿ ಪೆಂಚ್ ಹತ್ರ 44ನೇ ಹೆದ್ದಾರಿಗೆ 9 ಕಡೆ ಪ್ರಾಣಿ ದಾಟೋಕೆ ಕೆಳಗೆ ಜಾಗ ಬಿಟ್ಟು ಮೇಲೆ ರಸ್ತೆ ಮಾಡಿದಾರೆ, ಹುಲಿಗಳೇ ದಾಟೋದು ಕ್ಯಾಮೆರಾದಲ್ಲಿ ಸಿಕ್ಕಿದೆ, ಅದನ್ನ ತೋರಿಸಿ ಇಲ್ಲೂ ಅಂಡರ್‌ಪಾಸ್ ಕೊಡ್ತೇವೆ ಅಂತ ಬಾಯಿ ಮುಚ್ಚಿಸೋಕೆ ನೋಡ್ತಾರೆ. ಅದು ಬಯಲು ಸೀಮೆ ಥರದ ನೆಲ. ಘಾಟಲ್ಲಿ ಒಂದು ಕಡೆ ಗೋಡೆ ಇನ್ನೊಂದು ಕಡೆ ಪ್ರಪಾತ ಇರೋವಾಗ ಅದೆಲ್ಲಿ ಕಟ್ತೀರಿ ಅಂತ ಕೇಳಿ ನಕ್ಷೆ ಕೊಡಿ ಅನ್ನಿ.

ಕಾಳೀದಂಡೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿ ಬಂದೆ. ಅಪ್ಪನ ಹತ್ರ ಹುಲಿ ಸುದ್ದಿ ಎತ್ಲೇ ಇಲ್ಲ, ಬಾ ಮರ ಎಣಿಸೋಣ ಅಂತ ಕರ್ಕೊಂಡು ಹೋದೆ. ಗೊಣಗ್ತಾನೇ ಬಂದ್ರು. ಅವ್ರಿಗೆ ಎಲ್ಲಾ ಮರದ ಹೆಸರೂ ಗೊತ್ತು, ನಂಗೆ ಅರ್ಧನೂ ಗೊತ್ತಿಲ್ಲ, ಹೀಗಾಗಿ ಅವ್ರು ಹೇಳೋದು ನಾನು ಬರೆಯೋದು ಆಯ್ತು. ಒಂದೂವರೆ ಕಿಮೀಲಿ ನಂಬರ್ ಇರೋ ಮರ 61, ನಂಬರ್ ಇಲ್ದೆ ಇರೋದು ಆದ್ರೆ ಗುಡ್ಡ ಕಡಿದ್ರೆ ಉಳಿಯಲ್ಲ ಅಂತ ಅಪ್ಪ ಹೇಳಿದ್ದು 140ರ ಮೇಲೆ. ಮರ ತಲೆ ಕೂಡಿದ ಜಾಗ ಏಳು. ಗುಡ್ಡದಿಂದ ನೀರು ಜಿನುಗೋ ಜಾಗ ಮೂರು, ಅದನ್ನೂ ಬರ್ಕೊಂಡೆ, ಲಾರಿ ಅಣ್ಣ ಹೇಳಿದ್ದು ಓದಿ. ಒಂದು ಹಳೇ ಮೋರಿ ಕೆಳಗೆ ಕೆಸರಲ್ಲಿ ಹೆಜ್ಜೆ ಇತ್ತು, ಬರ್ಕದ್ದು (ಪುಟ್ಟ ಜಿಂಕೆ ಥರದ ಪ್ರಾಣಿ) ಅಂದ್ರು ಅಪ್ಪ. ಮೋರಿ ಮುಚ್ಚಿ ಪೈಪ್ ಹಾಕಿದ್ರೆ ಇದು ರಸ್ತೆ ಮೇಲೆ ಬರ್ಬೇಕಲ್ಲ ಅಂತ ಅವ್ರೇ ಹೇಳಿದ್ರು, ನಾ ಕೇಳಿರ್ಲಿಲ್ಲ.

ವಾಪಸ್ ಬರೋವಾಗ ಅಪ್ಪ ಒಂದು ಮಾತು ಹೇಳಿದ್ರು, ಗುಂಡಿ ಮುಚ್ಚಿ ಮೂರು ಕಡೆ ಬಸ್ ಸರಿದು ನಿಲ್ಲೋಕೆ ಜಾಗ ಮಾಡಿಕೊಟ್ರೆ ನಂಗೆ ಸಾಕು, ಠರಾವಿಗೆ ಕೈ ಎತ್ತೀನಿ, ಆದ್ರೆ ರಸ್ತೆ ನಿಲ್ಲಿಸಿದ ಅಂತ ನಿನ್ನ ಹೆಸರು ಬರಬಾರ್ದು ಊರಲ್ಲಿ. ಜೋಯಿಡಾದವ್ರೆ, ನೀವು ಯಾವ ಪಂಚಾಯ್ತಿ ಅಂತ ಕೇಳಲ್ಲ, ಆದ್ರೆ ಠರಾವು ಬರೆಯೋಕೆ ನಿಮ್ಮ ಸಹಾಯ ಬೇಕು. ಬಸುರಿ ಹೆಂಗಸಿನ ವಿಷಯ ಅದರಲ್ಲಿ ಮೊದಲನೇ ಸಾಲಾಗಿ ಬರ್ಬೇಕು ಅಂತ ನಂಗನ್ಸತ್ತೆ.

ಆ ದೊಡ್ಡ ಕಾಡುಮಾವಿಗೆ 37 ಅಂತ ಹಾಕಿದಾರೆ. ಮೇಲೆ ಪೊಟರೆ ಇದೆ, ಮಂಗಟ್ಟೆ ಹಕ್ಕಿ ಅಲ್ಲೇ ಮರಿ ಮಾಡೋದು ಅಂತ ಅಜ್ಜಿ ಹೇಳ್ತಿದ್ರು, ನಾನು ನೋಡಿಲ್ಲ. ಈಗ್ಲೂ ಇದೆಯಾ ಅಂತ ತಿಳ್ಕೊಳ್ಳೋದು ಹೇಗೆ?

ಜೋಯಿಡಾದವ

ಮೆಸೇಜ್ ಮಾಡಿ. ಮೊದಲನೇ ಸಾಲು ನಾನೇ ಬರೀತೀನಿ, ನಿಮ್ಮ ಪೇಟೆ ಭಾಷೆ ಬೇಡ.

ಸೊಪ್ಪಿನಬೆಟ್ಟ

ಮಂಗಟ್ಟೆ ಗೂಡು ಹುಡುಕಕ್ಕೆ ಮೇಲೆ ನೋಡಬೇಡ, ಬುಡ ನೋಡು. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಕೊಂಡಿರ್ತು, ಒಂದು ಸೀಳು ಮಾತ್ರ ಬಿಟ್ಟಿರ್ತು, ಗಂಡು ತಂದ ಹಣ್ಣು ತಿಂದು ಬೀಜ ಹೊರಗೆ ಉಗುಳ್ತು. ಫೆಬ್ರವರಿಯಿಂದ ಮೇ ಒಳಗೆ ಮರದ ಬುಡದಲ್ಲಿ ಬೇರೆ ಬೇರೆ ಮರದ ಬೀಜ, ಹಿಕ್ಕೆ ಎಲ್ಲಾ ಒಂದೇ ಕಡೆ ಗುಡ್ಡೆ ಬಿದ್ದಿದ್ರೆ ಗೂಡು ಇದ್ದು ಹೇಳಿ ಲೆಕ್ಕ. ಮಳೆ ಬಿದ್ಮೇಲೆ ಅಲ್ಲೇ ಸಸಿ ಎದ್ದಿರ್ತು, ಅತ್ತಿ, ಜಾಯಿಕಾಯಿ ಜಾತಿದು ಎಲ್ಲಾ, ತಾಯಿಮರ ಹತ್ರ ಎಲ್ಲೂ ಇರ್ತಿಲ್ಲೆ. ತಾರೀಕು ಕಾಣೋ ಹಾಗೆ ಫೋಟೋ ತೆಗಿ, ಪಕ್ಕದಲ್ಲಿ 37 ನಂಬರೂ ಕಾಣ್ಲಿ. ಜಾಸ್ತಿ ಹೊತ್ತು ಅಲ್ಲಿ ನಿಲ್ಲಡ, ಗಂಡು ಹತ್ರ ಬತ್ತಿಲ್ಲೆ.